ತಿಳಿನೀರಿನ ಕಾಯಿಲೆ

ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನಿಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ನೀರಿನಿಂದಲೇ ಹುಟ್ಟುತ್ತವೆ ಎಂಬುದು ಅಕ್ವೇರಿಯಂ ಬಲ್ಲವರಿಗೆ ಹೊಸ ಮಾತಲ್ಲ. ಆದರೆ ಕಣ್ಣಿಗೆ ತಿಳಿಯಾಗಿ, ಯಾವ ವಾಸನೆಯೂ ಇಲ್ಲದೆ, ಅಡಿಯ ಕಲ್ಲುಗಳನ್ನು ಎಣಿಸಬಹುದಾದಷ್ಟು ಸ್ವಚ್ಛವಾಗಿ ಕಾಣುವ ನೀರೇ ಮೀನನ್ನು ಕೊಲ್ಲುವಷ್ಟು ಕೆಟ್ಟಿರಬಲ್ಲದು ಎಂಬುದನ್ನು ಒಂದು ಮನೆ ಒಪ್ಪಿಕೊಳ್ಳುವುದು ಸುಲಭವಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಒಂದು ಮಧ್ಯಮವರ್ಗದ ಮನೆಯಲ್ಲಿ ಗೋಲ್ಡ್ ಫಿಶ್ ಒಂದು ಕಾಯಿಲೆ ಬಿದ್ದು ಚೇತರಿಸಿಕೊಂಡ ಬಗೆಯನ್ನು, ಆಗ ಹೈಸ್ಕೂಲು ವಿದ್ಯಾರ್ಥಿಯಾಗಿದ್ದ ಲೇಖಕನ ನೆನಪಿನ ಆಧಾರದ ಮೇಲೆ, ಅದರ ಹಿಂದಿನ ರಸಾಯನ ಮತ್ತು ಜೀವವಿಜ್ಞಾನದೊಂದಿಗೆ ಇಲ್ಲಿ ಪರಿಶೀಲಿಸಲಾಗಿದೆ.

ಮೀನಿಗೆ ಜನ ಆಹಾರ ಹಾಕಿ ಪೋಷಿಸುವ ವಾಡಿಕೆ ಕನ್ನಡ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನಿನ ಬಗೆಗಳು, ಅವುಗಳ ಆಹಾರ, ಗಾಳದ ವಿನೋದ ಇವುಗಳಿಗೆ ಮೀಸಲಾದ ಭಾಗವಿದೆ, ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಯಾತ್ರಿಕರು ಮಂಡಕ್ಕಿ ಎರಚಿ ಮೀನುಗಳ ಹಿಂಡನ್ನು ದಡಕ್ಕೆ ಕರೆಯುವುದು ಇಂದಿಗೂ ನಡೆದಿದೆ. ಆದರೆ ಅಲ್ಲೆಲ್ಲ ಮೀನು ಬಿಟ್ಟ ಕಲ್ಮಶವನ್ನು ಹರಿವ ನೀರು ಕ್ಷಣಕ್ಷಣವೂ ಹೊತ್ತೊಯ್ಯುತ್ತದೆ, ಅಪಾರ ಜಲರಾಶಿ ಅದನ್ನು ತೆಳುವಾಗಿಸುತ್ತದೆ. ಗಾಜಿನ ತೊಟ್ಟಿಯಲ್ಲಿ ಈ ಎರಡೂ ಅನುಕೂಲಗಳಿಲ್ಲದ ಕಾರಣ, ಮೀನು ತಾನು ವಿಸರ್ಜಿಸಿದ್ದರಲ್ಲಿಯೇ ಉಸಿರಾಡಬೇಕಾಗುತ್ತದೆ. ಆಹಾರದ ಪ್ರೋಟೀನು ದೇಹದಲ್ಲಿ ಒಡೆದಾಗ ಉಳಿಯುವ ಸಾರಜನಕವನ್ನು ಮನುಷ್ಯ ಯೂರಿಯಾ ರೂಪದಲ್ಲಿ ಮೂತ್ರದ ಮೂಲಕ ಹೊರಹಾಕಿದರೆ, ಮೀನು ಅದರ ಬಹುಭಾಗವನ್ನು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ನೇರವಾಗಿ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಮಲವೂ ಕೊಳೆತಾಗ ಹುಟ್ಟುವುದೂ ಇದೇ ಅಮೋನಿಯಾ.

ಮುಚ್ಚಿದ ತೊಟ್ಟಿಯೊಂದು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು ಎಂಬುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾದ ವಿಚಾರ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ಸೆಯ ‘ದಿ ಅಕ್ವೇರಿಯಂ’ ಪುಸ್ತಕ ಈ ಹವ್ಯಾಸವನ್ನು ಮನೆಗಳಿಗೆ ತಲುಪಿಸಿತು. ಮೀನಿನ ಉಸಿರಿಗೆ ಬೇಕಾದ ಆಮ್ಲಜನಕವನ್ನು ಗಿಡಗಳು ಕೊಡುತ್ತವೆ, ಗಿಡಕ್ಕೆ ಬೇಕಾದುದನ್ನು ಮೀನು ಕೊಡುತ್ತದೆ ಎಂಬ ಸಮತೋಲನದ ಕಲ್ಪನೆಯೇ ಆಗಿನ ವಿವರಣೆಯಾಗಿತ್ತು. ತೊಟ್ಟಿಯಲ್ಲಿ ನಿಜವಾದ ದುಡಿಮೆ ಮಾಡುವವರು ಯಾರೆಂಬುದು ತಿಳಿದುಬಂದದ್ದು ಬ್ಯಾಕ್ಟೀರಿಯಾ ವಿಜ್ಞಾನ ಬೆಳೆದ ಮೇಲೆ: ಅಮೋನಿಯಾವನ್ನು ಉತ್ಕರ್ಷಿಸಿ, ಅಂದರೆ ಆಮ್ಲಜನಕದೊಡನೆ ಸೇರಿಸಿ, ಆ ಕ್ರಿಯೆಯಿಂದಲೇ ಬದುಕುವ ಸೂಕ್ಷ್ಮಜೀವಿಗಳನ್ನು ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ. ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡುವ ಈ ಎರಡು ಹಂತದ ಕ್ರಿಯೆಗೆ ನೈಟ್ರೀಕರಣ ಎಂದು ಹೆಸರು. ಮೊದಲ ಎರಡು ಮೀನಿಗೆ ವಿಷ. ಮೂರನೆಯದು ಹೆಚ್ಚು ಸಂಗ್ರಹವಾಗದಂತೆ ನೋಡಿಕೊಂಡರೆ ಬಹುಮಟ್ಟಿಗೆ ನಿರಪಾಯಕಾರಿ.

ಆ ಮನೆಯ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ತುಂಬಿದರೆ ಸುಮಾರು ಐವತ್ತು ಲೀಟರು ನೀರು ಹಿಡಿಯುತ್ತಿತ್ತು. ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯವನ್ನು ನೋಡಿ ಬಂದ ಮಕ್ಕಳ ಹಟಕ್ಕೆ ತಂದೆ ಕೊಂಡುಕೊಟ್ಟ ಅದರಲ್ಲಿ ತಲೆಯ ಮೇಲೆ ಕೆಂಪು ಗೊಂಡೆಯಿದ್ದ ಒಂದು ಒರಾಂಡಾ ಮತ್ತು ಕೆಲವು ಸಾದಾ ಗೋಲ್ಡ್ ಫಿಶ್‌ಗಳಿದ್ದವು. ತಳದಲ್ಲಿ ತೂತುಗಳ ಪ್ಲಾಸ್ಟಿಕ್ ಹಾಸು, ಅದರ ಮೇಲೆ ನಾಲ್ಕು ಬೆರಳಿನಷ್ಟು ಸಣ್ಣ ಕಲ್ಲು, ಮೂಲೆಯ ಕೊಳವೆಯಲ್ಲಿ ಏರ್ ಪಂಪಿನ ಗುಳ್ಳೆಗಳು ಮೇಲೇರುವಾಗ ನೀರು ಕಲ್ಲುಗಳ ನಡುವಿನಿಂದ ಕೆಳಕ್ಕೆ ಜಗ್ಗಿ ಸೋಸಿ ಬರುವ ಏರ್ಪಾಡು, ಇಷ್ಟೇ ಅದರ ಫಿಲ್ಟರ್. ಕಲ್ಲಿನ ಕೆಲಸ ಕಸವನ್ನು ತಡೆಯುವುದು ಎಂದೇ ಮನೆಯವರು ತಿಳಿದಿದ್ದರು. ವಾಸ್ತವದಲ್ಲಿ ಪ್ರತಿ ಕಲ್ಲಿನ ಮೈಗಂಟಿದ ತೆಳು ಲೋಳೆಯಲ್ಲಿ ನೈಟ್ರೀಕರಣದ ಜೀವಿಗಳು ನೆಲೆಸಿದ್ದವು, ಮತ್ತು ಆ ಇಕ್ಕಟ್ಟಾದ ತೊಟ್ಟಿಯಲ್ಲಿ ಮೀನುಗಳು ಅಷ್ಟು ಕಾಲ ಬಾಳಿದ್ದು ಅವುಗಳ ಬಲದಿಂದ.

ದೀಪಾವಳಿಯ ನರಕ ಚತುರ್ದಶಿಯ ಮುನ್ನಾದಿನ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಹೊಸ ನೀರು ತುಂಬಿ, ಅರಿಶಿನ ಕುಂಕುಮವಿಟ್ಟು ಪೂಜಿಸುವ ಆ ದಿನ ಮನೆಯ ಯಾವ ಪಾತ್ರೆಯಲ್ಲೂ ಹಳೆಯ ನೀರು ಉಳಿಯಬಾರದು ಎಂಬುದು ಅಜ್ಜಿಯ ಕಟ್ಟುನಿಟ್ಟು. ಹಾಗಾಗಿ ಒಂದು ವರ್ಷ ಆ ದಿನ ಮೀನಿನ ತೊಟ್ಟಿಯೂ ಅಂಗಳಕ್ಕೆ ಬಂದಿತು: ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕಲ್ಲುಗಳನ್ನು ಜರಡಿಯಲ್ಲಿ ಸುರಿದು ನಲ್ಲಿಯ ಕೆಳಗೆ ಲೋಳೆ ಹೋಗುವವರೆಗೂ ಉಜ್ಜಿ, ಬಿಸಿಲಿಗೆ ಹರವಿ ಒಣಗಿಸಿ, ಸಂಜೆಗೆ ಮತ್ತೆ ಜೋಡಿಸಿ ನಲ್ಲಿನೀರನ್ನೇ ತುಂಬಲಾಯಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ನೂರು ಕಿಲೋಮೀಟರಿನಷ್ಟು ದೂರದಿಂದ ನಗರಕ್ಕೆ ಬರುವ ಕಾವೇರಿ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲೆಂದು ಕ್ಲೋರಿನ್ ಬೆರೆಸಿರುತ್ತದೆ. ಅದು ಉಪಕಾರಿ ಬ್ಯಾಕ್ಟೀರಿಯಾ, ರೋಗಾಣು ಎಂಬ ಭೇದವನ್ನು ಎಣಿಸುವುದಿಲ್ಲ. ಉಜ್ಜಾಟ, ಕ್ಲೋರಿನ್, ಬಿಸಿಲು ಮೂರೂ ಸೇರಿ ತೊಟ್ಟಿಯೊಳಗಿನ ದುಡಿಯುವ ವರ್ಗವನ್ನೇ ಅಳಿಸಿಹಾಕಿದ್ದವು. ಹಬ್ಬಕ್ಕೆ ಬಂದ ನೆಂಟರ ಮಕ್ಕಳು ಮೀನುಗಳು ಬಾಯಿ ತೆರೆದಾಗಲೆಲ್ಲ ಕಾಳು ಹಾಕಿದ್ದು ಅಮೋನಿಯಾದ ಹುಟ್ಟುವಳಿಯನ್ನು ಇನ್ನಷ್ಟು ಹೆಚ್ಚಿಸಿತು. ಇಷ್ಟಾದರೂ ತೊಟ್ಟಿ ಅದುವರೆಗೆ ಎಂದೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ಹಬ್ಬದ ವಾರ ಮುಗಿಯುವ ಹೊತ್ತಿಗೆ ಲಕ್ಷಣಗಳು ಒಂದೊಂದಾಗಿ ಕಾಣಿಸಿಕೊಂಡವು. ಮೀನುಗಳು ಮೇಲ್ಮೈಗೆ ಬಂದು ಗಾಳಿ ನುಂಗತೊಡಗಿದವು, ಕಿವಿರಿನ ಮುಚ್ಚಳದ ಬಡಿತ ವೇಗವಾಯಿತು, ರೆಕ್ಕೆಗಳು ಮೈಗೆ ಒತ್ತಿಕೊಂಡವು. ಸಣ್ಣವು ಒಂದೆರಡು ಸತ್ತವು, ಒರಾಂಡಾದ ಬಿಳಿ ಬಾಲದಲ್ಲಿ ಕೆಂಪು ಎಳೆಗಳು ಮೂಡಿ ಅದರ ಅಂಚು ಹರಿದ ಬಟ್ಟೆಯಂತೆ ಜೋಲತೊಡಗಿತು. ಅಮೋನಿಯಾ ಕಿವಿರಿನ ನವಿರಾದ ಪೊರೆಯನ್ನು ಸುಡುತ್ತದೆ. ಅದಕ್ಕೆ ಪ್ರತಿಯಾಗಿ ಪೊರೆ ದಪ್ಪವಾಗಿ, ಲೋಳೆ ಸುರಿಸಿ ತನ್ನನ್ನು ಕಾಪಾಡಿಕೊಳ್ಳಲು ಹೋಗಿ, ಆಮ್ಲಜನಕ ಒಳಬರುವ ದಾರಿಯನ್ನೂ ಮುಚ್ಚಿಕೊಳ್ಳುತ್ತದೆ. ಸುತ್ತಲ ನೀರಿನಲ್ಲಿ ಅಮೋನಿಯಾ ಹೆಚ್ಚಿದಷ್ಟೂ ರಕ್ತದಲ್ಲಿರುವುದನ್ನು ಹೊರಹಾಕುವುದು ಕಷ್ಟವಾಗುವುದರಿಂದ ವಿಷ ಒಳಗಿನಿಂದಲೂ ಏರುತ್ತದೆ. ಗೋಲ್ಡ್ ಫಿಶ್ ಗಟ್ಟಿ ಜೀವಿ ಎಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ: ಹಿಮಗಟ್ಟಿದ ಕೊಳದಡಿಯಲ್ಲಿ ಆಮ್ಲಜನಕವೇ ಇಲ್ಲದಾಗ ಅದು ದೇಹದ ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿಸಿ ಹೊರಬಿಟ್ಟು ಬದುಕುಳಿಯಬಲ್ಲದಾದರೂ, ಆ ಸಾಮರ್ಥ್ಯ ಅಮೋನಿಯಾದ ಎದುರು ಉಪಯೋಗಕ್ಕೆ ಬರುವುದಿಲ್ಲ.

ಮನೆಯಲ್ಲಿ ಕಾರಣಗಳ ಊಹೆಗೆ ಕೊರತೆಯಿರಲಿಲ್ಲ. ಪಟಾಕಿಯ ಹೊಗೆಯಿಂದ ಹೀಗಾಯಿತೆಂದು ತಂದೆ, ನೆಂಟರ ದೃಷ್ಟಿ ತಾಗಿತೆಂದು ಅಜ್ಜಿ. ಅಂಗಡಿಯವನು ಬಾಲದ ಹರಕನ್ನು ಕೇಳಿದೊಡನೆ ನೀಲಿ ಬಣ್ಣದ ಔಷಧಿಯ ಸೀಸೆಯನ್ನು ಕಟ್ಟಿಕೊಟ್ಟಿದ್ದ. ಆ ಸೀಸೆ ತೆರೆಯುವ ಮೊದಲೇ ಮನೆಗೆ ಬಂದವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ್ದ ತಾಯಿಯ ತಮ್ಮ. 1969ರಲ್ಲಿ ಆರಂಭವಾದ, ದೇಶದಲ್ಲೇ ಆ ಬಗೆಯ ಮೊದಲನೆಯದಾದ ಆ ಕಾಲೇಜಿನಲ್ಲಿ ಕಲಿತವರಿಗೆ ಮೀನನ್ನು ನೋಡುವ ಮುನ್ನ ನೀರನ್ನು ವಿಚಾರಿಸುವುದು ರೂಢಿ. ‘ಅಕ್ಕಾ, ಈ ಕಲ್ಲು ತೊಳೆದದ್ದು ಎಂದು?’ ಎಂಬುದು ಅವರ ಮೊದಲ ಪ್ರಶ್ನೆ. ಮರುದಿನ ಅವರು ತಮ್ಮ ಪ್ರಯೋಗಾಲಯದಿಂದ ತಂದ ನೆಸ್ಲರ್ ದ್ರಾವಣವನ್ನು, ಅದರಲ್ಲಿ ಪಾದರಸದ ಸಂಯುಕ್ತ ಇರುವುದರಿಂದ ಮಕ್ಕಳನ್ನು ದೂರ ನಿಲ್ಲಿಸಿ, ತೊಟ್ಟಿಯ ನೀರು ತುಂಬಿದ ಗಾಜಿನ ನಳಿಗೆಗೆ ಹನಿ ಹಾಕಿದರು. ಅಮೋನಿಯಾ ಇದ್ದರೆ ಹಳದಿಗೆ, ಹೆಚ್ಚಿದ್ದರೆ ಕಂದಿಗೆ ತಿರುಗುವ ಆ ದ್ರಾವಣ ಸ್ಫಟಿಕದಂತಿದ್ದ ನೀರನ್ನು ನೋಡುನೋಡುತ್ತ ಕಡುಹಳದಿ ಮಾಡಿತು. ಅಲ್ಲಿಗೆ ಹೊಗೆ, ದೃಷ್ಟಿಗಳ ಚರ್ಚೆ ನಿಂತಿತು.

ನೀರು ಬದಲಿಸಬೇಕೆಂಬುದು ಖಚಿತವಾದ ಮೇಲೆ ಯಾವ ನೀರು ಎಂಬ ಪ್ರಶ್ನೆ ಎದ್ದಿತು. ಕ್ಲೋರಿನ್ ಇಲ್ಲದ ಬೋರ್‌ವೆಲ್ ನೀರೇ ಮೇಲೆಂದು ತಂದೆಗೆ ತೋರಿದ್ದು ಸಹಜ. ಆದರೆ ಆ ಮನೆಯ ಬೋರ್‌ವೆಲ್ ನೀರು ಗಡಸು, ಕ್ಷಾರಗುಣ ಹೆಚ್ಚಿದ್ದು. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ: ವಿದ್ಯುದಂಶ ಹೊತ್ತ ಅಮೋನಿಯಂ ಅಯಾನು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಲಾರದು, ವಿದ್ಯುದಂಶವಿಲ್ಲದ ಅಮೋನಿಯಾ ಸಲೀಸಾಗಿ ದಾಟುತ್ತದೆ. ಯಾವ ರೂಪ ಎಷ್ಟಿರಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣವನ್ನು ಸೂಚಿಸುವ ಅಂಕಿ, ಮತ್ತು ಸ್ವಲ್ಪಮಟ್ಟಿಗೆ ಉಷ್ಣತೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಶೇಕಡಾ 1ಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡಾ 5ರಷ್ಟಾಗುತ್ತದೆ. ಹೀಗಾಗಿ ಕ್ಷಾರೀಯ ನೀರನ್ನು ಒಮ್ಮೆಗೇ ಸುರಿದಿದ್ದರೆ, ಒಟ್ಟು ಅಮೋನಿಯಾ ಅರ್ಧಕ್ಕಿಳಿದರೂ ವಿಷದ ಭಾಗ ಹಿಂದಿಗಿಂತ ಹೆಚ್ಚುವ ಸಾಧ್ಯತೆಯಿತ್ತು. ನಲ್ಲಿನೀರನ್ನೇ ಅಗಲ ಬಾಯಿಯ ಟಬ್ಬಿನಲ್ಲಿ ತೆರೆದಿಟ್ಟು, ಕ್ಲೋರಿನ್ ಗಾಳಿಗೆ ಹೋದ ಮೇಲೆ ಬಳಸುವುದೆಂದು ತೀರ್ಮಾನವಾಯಿತು; ಒಂದೇ ಕೋಣೆಯಲ್ಲಿ ಪಕ್ಕಪಕ್ಕದಲ್ಲಿಟ್ಟಿದ್ದರಿಂದ ತೊಟ್ಟಿಯ ನೀರಿಗೂ ಟಬ್ಬಿನ ನೀರಿಗೂ ಉಷ್ಣತೆಯ ಅಂತರವೂ ಉಳಿಯಲಿಲ್ಲ.

ಚಿಕಿತ್ಸೆಯ ಮೊದಲ ಹೆಜ್ಜೆ ಮನೆಯವರಿಗೆ ಅತ್ಯಂತ ಕಠಿಣವಾಗಿ ಕಂಡಿತು, ಏಕೆಂದರೆ ಅದು ಊಟ ನಿಲ್ಲಿಸುವುದಾಗಿತ್ತು. ಕಾಯಿಲೆಯವರಿಗೆ ಗಂಜಿಯನ್ನಾದರೂ ಕುಡಿಸಬೇಕೆಂದು ನಂಬಿದ ಅಜ್ಜಿಗೆ ಇದು ನಿರ್ದಯವಾಗಿ ತೋರಿತು. ಆದರೆ ತಣ್ಣೀರಿನ ಈ ಮೀನು ವಾರಕ್ಕೂ ಮೀರಿ ಆಹಾರವಿಲ್ಲದೆ ಇರಬಲ್ಲದು, ಮತ್ತು ತೊಟ್ಟಿಗೇ ಬೀಳದ ಆಹಾರದಿಂದ ಅಮೋನಿಯಾ ಹುಟ್ಟಲಾರದು. ಎರಡನೆಯದಾಗಿ, ದಿನಕ್ಕೊಮ್ಮೆ ತೊಟ್ಟಿಯ ಮೂರನೆಯ ಒಂದು ಭಾಗದಷ್ಟು ನೀರನ್ನು ಕೊಳವೆಯಿಂದ ತಳದ ಕಸದೊಡನೆ ಹೊರಸೆಳೆದು, ಅಷ್ಟೇ ನೀರನ್ನು ಲೋಟದಿಂದ ನಿಧಾನವಾಗಿ ತುಂಬಲಾಯಿತು. ಪೂರ್ತಿ ನೀರನ್ನು ಒಮ್ಮೆಗೇ ಬದಲಿಸಿದರೆ ಅಮೋನಿಯಾ ಬೇಗ ಹೋಗುತ್ತದೆಯಾದರೂ, ಆಗಲೇ ಬಸವಳಿದ ಮೀನಿಗೆ ನೀರಿನ ಗುಣದ ಹಠಾತ್ ಬದಲಾವಣೆ ಇನ್ನೊಂದು ಪೆಟ್ಟಾಗುತ್ತದೆ. ಮೂರನೆಯದು ಗಾಳಿ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, ಬಿಸಿಯಾದಂತೆ ಅದು ಇಳಿಯುತ್ತದೆ. ಸುಟ್ಟ ಕಿವಿರಿಗೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ ದಕ್ಕುವುದರಿಂದ ಏರ್ ಪಂಪು ಹಗಲಿರುಳೂ ಓಡಬೇಕಾಗಿತ್ತು. ಅದು ಲೋಡ್ ಶೆಡ್ಡಿಂಗಿನ ಕಾಲ. ಕರೆಂಟು ಹೋದಾಗಲೆಲ್ಲ ಮಕ್ಕಳು ಸರದಿಯ ಮೇಲೆ ತೊಟ್ಟಿಯ ನೀರನ್ನೇ ಮಗ್ಗಿನಲ್ಲಿ ಮೊಗೆದು ಒಂದು ಗೇಣಿನೆತ್ತರದಿಂದ ಮರಳಿ ಸುರಿಯುತ್ತಿದ್ದರು. ಹಾಗೆ ಸುರಿದಾಗ ಮೇಲ್ಮೈ ಒಡೆದು ಗಾಳಿ ನೀರಿನಲ್ಲಿ ಬೆರೆಯುತ್ತದೆ.

ನಾಲ್ಕನೆಯದು ಅಡುಗೆಮನೆಯ ಕಲ್ಲುಪ್ಪು. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲ ನೀರಿಗಿಂತ ಬಹಳ ಹೆಚ್ಚು ಲವಣವಿರುವುದರಿಂದ, ಪೊರೆಯ ಮೂಲಕ ನೀರು ಸದಾ ಒಳನುಗ್ಗುತ್ತಲೂ ಲವಣ ಹೊರಸೋರುತ್ತಲೂ ಇರುತ್ತದೆ. ಒಳಬಂದ ನೀರನ್ನು ಮೂತ್ರಪಿಂಡಗಳಿಂದ ಹೊರದಬ್ಬುವುದಕ್ಕೂ ಕಳೆದುಹೋದ ಲವಣವನ್ನು ಕಿವಿರಿನಿಂದ ಮರಳಿ ಹೀರುವುದಕ್ಕೂ ಮೀನು ತನ್ನ ಶಕ್ತಿಯ ಒಂದು ಪಾಲನ್ನು ನಿತ್ಯವೂ ವೆಚ್ಚ ಮಾಡಬೇಕು. ಗಾಯಗೊಂಡ ಮೈಯಲ್ಲಿ ಈ ಸೋರಿಕೆ ಹೆಚ್ಚುತ್ತದೆ. ನೀರಿಗೆ ಸ್ವಲ್ಪ ಉಪ್ಪು ಸೇರಿದರೆ ಒಳ-ಹೊರಗಿನ ಅಂತರ ಕಿರಿದಾಗಿ ಆ ದುಡಿಮೆ ಹಗುರಾಗುತ್ತದೆ. ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಉಪ್ಪನ್ನು ತೂಗಿ, ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ, ದಿನವಿಡೀ ಕಂತುಕಂತಾಗಿ ಹಾಕಲಾಯಿತು. ಮುಂದೆ ನೀರು ಬದಲಿಸುವಾಗ ಹೊಸದಾಗಿ ಸೇರಿದ ನೀರಿನ ಲೆಕ್ಕಕ್ಕೆ ತಕ್ಕಷ್ಟೇ ಉಪ್ಪು, ಏಕೆಂದರೆ ಉಪ್ಪು ಆವಿಯಾಗಿ ಹೋಗುವುದಿಲ್ಲ.

ಇವೆಲ್ಲ ಮೀನಿಗೆ ಕಾಲಾವಕಾಶ ಒದಗಿಸುವ ಉಪಾಯಗಳೇ ಹೊರತು ಕಾಯಿಲೆಯ ಮೂಲವನ್ನು ನೀಗುವಂಥವಲ್ಲ. ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ ಮತ್ತೆ ನೆಲೆಗೊಳ್ಳುವವರೆಗೂ ಅಮೋನಿಯಾ ಮರಳಿ ಮರಳಿ ಕೂಡುತ್ತಲೇ ಇರುತ್ತಿತ್ತು. ಇ. ಕೋಲಿಯಂಥ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ನೈಟ್ರೀಕರಣದ ಬ್ಯಾಕ್ಟೀರಿಯಾ ಇಮ್ಮಡಿಯಾಗಲು ಅನೇಕ ಗಂಟೆಗಳಿಂದ ಒಂದು ದಿನಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಬರಿದಾದ ತೊಟ್ಟಿ ತಾನಾಗಿಯೇ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿ ಒರಾಂಡಾ ಇರಲಿಲ್ಲ. ಆದ್ದರಿಂದ ಸೋದರಮಾವ, ಹಾಲಿಗೆ ಹೆಪ್ಪು ಹಾಕಲು ನೆರೆಮನೆಯಿಂದ ಮೊಸರು ತರುವಂತೆ, ಪರಿಚಯದ ಇನ್ನೊಂದು ಮನೆಯ ಹಳೆಯ ತೊಟ್ಟಿಯಿಂದ ಲೋಳೆಗಟ್ಟಿದ ಕಲ್ಲುಗಳನ್ನು ಬೊಗಸೆ ತುಂಬ ತರಿಸಿದರು. ಅವು ಒಣಗದಂತೆ ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತಂದು, ಸೊಳ್ಳೆಪರದೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ, ನೀರು ಚೆನ್ನಾಗಿ ಹಾಯುವ ಕೊಳವೆಯ ಬುಡದಲ್ಲಿ ಇಡಲಾಯಿತು. ಹಬ್ಬದ ದಿನ ಯಾವುದನ್ನು ಕೊಳೆಯೆಂದು ಉಜ್ಜಿ ಚರಂಡಿಗೆ ಬಿಡಲಾಗಿತ್ತೋ ಅದನ್ನೇ ಈಗ ಬೇಡಿ ತರಬೇಕಾಗಿ ಬಂದದ್ದನ್ನು ತಾಯಿ ಬಹುಕಾಲ ಹೇಳಿ ನಗುತ್ತಿದ್ದರು.

ಅಂಗಡಿಯ ನೀಲಿ ಸೀಸೆ ಕಡೆಯವರೆಗೂ ತೆರೆಯಲಿಲ್ಲ. ಅದರಲ್ಲಿದ್ದ ಮೆಥಿಲೀನ್ ಬ್ಲೂ, ಬೂಷ್ಟನ್ನೂ ಕೆಲವು ಪರಾವಲಂಬಿಗಳನ್ನೂ ತಡೆಯುವ ಉಪಯುಕ್ತ ಬಣ್ಣವಾದರೂ, ತೊಟ್ಟಿಯೊಳಗೇ ಹಾಕಿದರೆ ನೈಟ್ರೀಕರಣದ ಬ್ಯಾಕ್ಟೀರಿಯಾಕ್ಕೂ ಮಾರಕ. ಬಾಲದ ಕೊಳೆತಕ್ಕೆ ಕಾರಣವಾಗುವ ಏರೋಮೋನಾಸ್, ಸ್ಯೂಡೋಮೋನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಒಳ್ಳೆಯ ನೀರಿನಲ್ಲೂ ಇರುತ್ತವೆ, ಮೀನಿನ ಮೈಯ ಲೋಳೆಯ ರಕ್ಷಣೆ ಕುಸಿದಾಗ ಮಾತ್ರ ಮೇಲುಗೈ ಸಾಧಿಸುತ್ತವೆ. ನೀರು ಸರಿಹೋದರೆ ಆರಂಭದ ಹಂತದ ಹರಕು ತಾನೇ ಮಾಯುವ ಸಂಭವ ಹೆಚ್ಚು ಎಂಬುದು ಸೋದರಮಾವನ ತರ್ಕ. ಹರಕು ಬಾಲದ ಬುಡಕ್ಕೆ ಏರಿದರೆ ಮೀನನ್ನು ಬೇರೆ ಬಕೆಟ್ಟಿಗೆ ವರ್ಗಾಯಿಸಿ ಅಲ್ಲಿ ಔಷಧಿ ಕೊಡುವುದೆಂದೂ ಅವರು ಮೊದಲೇ ಗೊತ್ತುಮಾಡಿದ್ದರು.

ಕೆಲವು ದಿನಗಳಲ್ಲಿ ನೆಸ್ಲರ್ ಪರೀಕ್ಷೆಯ ಹಳದಿ ತಿಳಿಯಾದಾಗ ಮನೆಯವರಿಗೆಲ್ಲ ಅಪಾಯ ಕಳೆಯಿತೆನಿಸಿತು, ಆದರೆ ಎರಡನೆಯ ಹಂತದ ವಿಷ ಏರುತ್ತಿದ್ದದ್ದು ಆಗಲೇ. ನೈಟ್ರೈಟ್ ಇದ್ದಲ್ಲಿ ಕೆಂಗುಲಾಬಿ ಬಣ್ಣ ತಾಳುವ ಗ್ರೀಸ್ ಪರೀಕ್ಷೆ ಅದನ್ನು ತೋರಿಸಿಕೊಟ್ಟಿತು. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ ಅನ್ನು ಮೆಥಮೊಗ್ಲೋಬಿನ್ ಆಗಿ, ಅಂದರೆ ಆಮ್ಲಜನಕ ಹೊರಲಾರದ ರೂಪವಾಗಿ ಬದಲಿಸುವುದರಿಂದ, ನೀರಿನಲ್ಲಿ ಸಾಕಷ್ಟು ಗಾಳಿಯಿದ್ದರೂ ಮೀನು ಉಸಿರುಗಟ್ಟುತ್ತದೆ, ಅದರ ರಕ್ತವೂ ಕಿವಿರೂ ಕಂದುಬಣ್ಣಕ್ಕೆ ತಿರುಗುತ್ತವೆ. ಇಲ್ಲಿ ಉಪ್ಪಿನ ಇನ್ನೊಂದು ಗುಣ ನೆರವಿಗೆ ಬಂದಿತು: ಕಿವಿರಿನ ಕೋಶಗಳು ನೈಟ್ರೈಟನ್ನು ಒಳಸೆಳೆಯುವುದು ಕ್ಲೋರೈಡಿಗೆಂದು ಇರುವ ದಾರಿಯಲ್ಲೇ ಆದ್ದರಿಂದ, ನೀರಿನಲ್ಲಿ ಕ್ಲೋರೈಡ್ ಹೇರಳವಾಗಿದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್. ಮೊದಲೇ ಹಾಕಿದ್ದ ಉಪ್ಪು ಈ ಹಂತದಲ್ಲಿ ಒರಾಂಡಾವನ್ನು ಕಾಪಾಡಿತು.

ಚೇತರಿಕೆಯ ಮೊದಲ ಗುರುತು ರೆಕ್ಕೆಗಳು ಬಿಚ್ಚಿಕೊಂಡದ್ದು. ಅನಂತರ ಮೀನು ತಳದ ಕಲ್ಲುಗಳನ್ನು ಬಾಯಲ್ಲಿ ಹಿಡಿದು ಉಗಿಯತೊಡಗಿತು. ಹಸಿವಿನ ಈ ಸೂಚನೆಗೆ ಸಿಪ್ಪೆ ಸುಲಿದು ಬೇಯಿಸಿದ ಬಟಾಣಿಯ ಚೂರೊಂದನ್ನು ಕೊಡಲಾಯಿತು. ಬಾಲದ ಅಂಚಿನಲ್ಲಿ ಪಾರದರ್ಶಕವಾದ ಹೊಸ ಪೊರೆ ಬೆಳೆಯುತ್ತಿದ್ದಂತೆ ರೆಕ್ಕೆಗಳ ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಗಳೂ ಎದ್ದದ್ದರಿಂದ ಮತ್ತೆ ಗಾಬರಿಯಾಯಿತು. ಅಮೋನಿಯಾದಿಂದ ಸುಟ್ಟ ಜಾಗ ಮಾಯುವಾಗ ಗೋಲ್ಡ್ ಫಿಶ್‌ಗಳಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಹೀಗೆ ತಾತ್ಕಾಲಿಕವಾಗಿ ಕೂಡುವುದು ಸಾಕುವವರಿಗೆ ಪರಿಚಿತವಾದ ಸಂಗತಿ. ಮಚ್ಚೆಗಳು ಕ್ರಮೇಣ ಮಾಸಿದವು.

ಆ ದಿನಗಳಲ್ಲಿ ಸೋದರಮಾವ ಕೊಟ್ಟ ವಿವರಣೆ ಅಂದಿನ ಪಠ್ಯಪುಸ್ತಕಗಳದ್ದು: ಅಮೋನಿಯಾವನ್ನು ನೈಟ್ರೊಸೊಮೊನಾಸ್, ನೈಟ್ರೈಟನ್ನು ನೈಟ್ರೊಬ್ಯಾಕ್ಟರ್ ಪರಿವರ್ತಿಸುತ್ತವೆ ಎಂದು ಅವರು ನೋಟ್‌ಬುಕ್ಕಿನ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದ್ದರು. ಅನಂತರದ ಸಂಶೋಧನೆ ಆ ಚಿತ್ರವನ್ನು ಸಾಕಷ್ಟು ತಿದ್ದಿದೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟನ್ನು ಪರಿವರ್ತಿಸುವ ಮುಖ್ಯ ಬ್ಯಾಕ್ಟೀರಿಯಾ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆರ್ಕಿಯಾ ಎಂಬ ಬೇರೆಯೇ ಕುಲದ ಸೂಕ್ಷ್ಮಜೀವಿಗಳೂ ಅಮೋನಿಯಾವನ್ನು ಉತ್ಕರ್ಷಿಸುತ್ತವೆ ಎಂಬುದು ಆಮೇಲೆ ತಿಳಿಯಿತು. 2015ರಲ್ಲಿ ಎರಡು ಹಂತಗಳನ್ನೂ ಒಂದೇ ಜೀವಿ ಮುಗಿಸಬಲ್ಲದೆಂಬುದು ಪ್ರಕಟವಾಗಿ, ಒಂದು ಶತಮಾನದಿಂದ ನಂಬಿಕೊಂಡು ಬಂದಿದ್ದ ಶ್ರಮವಿಭಜನೆಯ ಚಿತ್ರವೇ ಅಪೂರ್ಣವೆಂದಾಯಿತು. ಹೀಗೆ ವಿವರಣೆಯ ಹೆಸರುಗಳು ಬದಲಾದರೂ ಚಿಕಿತ್ಸೆಯ ಒಂದು ಹೆಜ್ಜೆಯನ್ನೂ ಬದಲಿಸಬೇಕಾಗಿ ಬಂದಿಲ್ಲ. ಹೆಪ್ಪಿನ ಕಲ್ಲುಗಳ ಮೇಲೆ ಯಾರಿದ್ದಾರೆಂದು ಸರಿಯಾಗಿ ತಿಳಿಯದೆಯೂ ಅವರನ್ನು ಒಣಗದಂತೆ ತರಬೇಕೆಂಬುದು ತಿಳಿದಿದ್ದರೆ ಸಾಕಾಗಿತ್ತು.

ಮರುವರ್ಷದ ನೀರು ತುಂಬುವ ಹಬ್ಬಕ್ಕೆ ಹಂಡೆ ಎಂದಿನಂತೆ ಬೆಳಗಿತು, ತೊಟ್ಟಿಗೆ ಮಾತ್ರ ವಿನಾಯಿತಿ ದೊರೆಯಿತು. ಅಂದಿನಿಂದ ಆ ಮನೆಯಲ್ಲಿ ಕಲ್ಲುಗಳನ್ನು ಸ್ವಲ್ಪಸ್ವಲ್ಪವಾಗಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬಿ ಕಸ ಕಳೆಯುವುದು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು, ಅಷ್ಟು ಚಿಕ್ಕ ತೊಟ್ಟಿಗೆ ಹೊಸ ಮೀನು ತಾರದಿರುವುದು ರೂಢಿಯಾಯಿತು. ಅಜ್ಜಿ ತಮ್ಮ ನಿಯಮವನ್ನು ಬಿಟ್ಟುಕೊಡಲಿಲ್ಲ, ಅದಕ್ಕೊಂದು ಉಪನಿಯಮ ಸೇರಿಸಿದರು: ಜೀವವಿರುವ ನೀರು ಹಳೆಯದಾಗುವುದಿಲ್ಲ ಎಂದು ತೀರ್ಪಿತ್ತು, ತೊಟ್ಟಿಯ ಗಾಜಿಗೂ ಒಂದು ಬೊಟ್ಟು ಕುಂಕುಮ ಇಟ್ಟರು.

ಲೇಖಕನ ಮಟ್ಟಿಗೆ ಆ ಕಲಿಕೆಯ ವ್ಯಾಪ್ತಿ ಮನೆಯ ತೊಟ್ಟಿಗಿಂತ ದೊಡ್ಡದಾಗಿ ಕಂಡದ್ದು 2016ರ ಮಾರ್ಚಿನಲ್ಲಿ, ಹಲಸೂರು ಕೆರೆಯಲ್ಲಿ ರಾಶಿರಾಶಿಯಾಗಿ ಮೀನುಗಳು ಸತ್ತು ತೇಲಿದ ಸುದ್ದಿಯನ್ನು ಓದಿದಾಗ. ಕೊಳಚೆ ಸೇರಿದ ಕೆರೆಯಲ್ಲೂ ಇರುವ ರಸಾಯನ ಇದೇ: ಸಾವಯವ ಕಲ್ಮಶ ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ, ಅಮೋನಿಯಾ ಏರುತ್ತದೆ, ಅದನ್ನು ಜೀರ್ಣಿಸಬೇಕಾದ ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕವೇ ಉಳಿದಿರುವುದಿಲ್ಲ. ಕೊಳಚೆನೀರಿನ ಶುದ್ಧೀಕರಣ ಘಟಕಗಳಲ್ಲಿ ಗಾಳಿ ಊದಿ ಪೋಷಿಸುವುದೂ ನೈಟ್ರೀಕರಣದ ಇವೇ ಜೀವಿಗಳನ್ನು. ಕೆರೆಗೆ ಯಂತ್ರಗಳಿಂದ ಗಾಳಿ ಕೊಡಬಹುದು, ತೇಲುವ ಗಿಡಗಳನ್ನು ಬಿಡಬಹುದು, ಹೂಳು ಎತ್ತಬಹುದು. ಇವೆಲ್ಲ ಏರ್ ಪಂಪು ಮತ್ತು ಕಲ್ಲುಪ್ಪಿನ ಸ್ಥಾನದ ಉಪಾಯಗಳು, ಕಾಲಾವಕಾಶ ಕೊಡುವಂಥವು. ಆ ಮನೆಯಲ್ಲಿ ಇವು ಫಲಿಸಿದ್ದು ಮೊದಲ ದಿನವೇ ಆಹಾರ ನಿಲ್ಲಿಸಿದ್ದರಿಂದ, ಅಂದರೆ ನೀರಿಗೆ ಹೊಸದಾಗಿ ಬಂದು ಬೀಳುವುದನ್ನು ತಡೆದದ್ದರಿಂದ. ಆ ಹೆಜ್ಜೆ ಅಜ್ಜಿಯ ಅಸಮಾಧಾನವೊಂದನ್ನು ಬಿಟ್ಟರೆ ಬೇರೇನನ್ನೂ ಬೇಡಲಿಲ್ಲ. ನಗರದ ಕೆರೆಯಲ್ಲಿ ಅದೇ ಹೆಜ್ಜೆ ಎಲ್ಲಕ್ಕಿಂತ ದುಬಾರಿಯದಾಗಿದೆ, ಮತ್ತು ಉಳಿದವುಗಳನ್ನೆಲ್ಲ ಮಾಡಿ ಅದೊಂದನ್ನು ಮುಂದೂಡುವವರೆಗೆ ಕೆರೆಯ ಮೀನಿಗೆ ಒರಾಂಡಾದ ಅದೃಷ್ಟ ದಕ್ಕುವಂತಿಲ್ಲ.